ಕುದುರೆ ನಿಂತ ಜಾಗ

ಮದರಾಸಿನ ಧ್ವನಿಮುದ್ರಣ ಮಂದಿರವೊಂದರಲ್ಲಿ ತಾವು ಕುದುರೆಯೊಂದನ್ನು ಎಲ್ಲಿಯೂ ನಿಲ್ಲಗೊಡದೆ ಓಡಿಸಿದ ಕಥೆಯನ್ನು ಪರಮಶಿವಪ್ಪನವರು ಹೇಳತೊಡಗಿದಾಗ, ಬಾಗಿಲಿಗೆ ಒರಗಿ ನಿಂತಿದ್ದ ಸಬ್‌ಇನ್ಸ್‌ಪೆಕ್ಟರ್ ಆನಂದಪ್ಪನವರು ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಟ್ಟುಸಿರು ಬಿಟ್ಟರು. ಆದರೆ ಆ ಕಥೆಯನ್ನು ಹೇಳಿರೆಂದು ಕೇಳಿದ್ದವರು ವಕೀಲೆ ಸರ್ವಮಂಗಳ. ಅವರು ಕೇಳಿದ ಮೇಲೆ ತಡೆಯುವಂತಿರಲಿಲ್ಲ.

ಆ ಸಂಗತಿಗೆ ಮೂವತ್ತು ವರ್ಷಗಳ ಮೇಲಾಗಿತ್ತು. ‘ತಾಳಗುಂದದ ತೇಜಿ’ ಎಂಬ ಚಿತ್ರದ ಕೊನೆಯಲ್ಲಿ, ಶತ್ರುಸೈನ್ಯ ಬರುತ್ತಿರುವ ಸುದ್ದಿ ಹೊತ್ತ ಸವಾರನೊಬ್ಬ ತಾಳಗುಂದದಿಂದ ಬನವಾಸಿಗೆ ಕುದುರೆ ಓಡಿಸುತ್ತಾನೆ. ಅಲ್ಲಿ ಮಾತಿಲ್ಲ, ಹಾಡಿಲ್ಲ. ಇರುವುದು ತುಂಬಿದ ವಾದ್ಯವೃಂದವೊಂದೇ. ಪಿಟೀಲುಗಳು ಗಾಳಿಯಾಗಬೇಕು, ಕ್ಲಾರಿನೆಟ್ಟು ಸವಾರನ ಆತಂಕವಾಗಬೇಕು, ಢೋಲಕ್ಕು ಗೊರಸಿನ ಸದ್ದಾಗಬೇಕು. ಆ ಗೊರಸಿನ ಸದ್ದು ಮೊದಲಿನಿಂದ ಕೊನೆಯವರೆಗೆ ಎಳೆಯಷ್ಟೂ ಕಡಿಯಬಾರದು. ಸಂಗೀತ ನಿರ್ದೇಶಕರಾಗಿದ್ದ ಪರಮಶಿವಪ್ಪನವರ ಹಟ ಅದು.

ಅಂಥ ವೇಗದಲ್ಲಿ ಒಬ್ಬನ ಕೈ ಅಷ್ಟು ಹೊತ್ತು ತಾಳದು. ಅದಕ್ಕೆಂದು ಮೂವರು ಢೋಲಕ್ಕಿನವರನ್ನು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿದರು. ಒಬ್ಬನ ಕೈ ಸೋಲುವ ಮೊದಲೇ ಮತ್ತೊಬ್ಬ ಅದೇ ಪೆಟ್ಟಿನ ಮೇಲೆ ಏರಬೇಕು. ಇಳಿದವನಾರು, ಏರಿದವನಾರು ಎಂಬುದು ಕೇಳುವವನ ಕಿವಿಗೆ ತಿಳಿಯಬಾರದು. ಆ ಏರುವ ಕಡೆಯಲ್ಲೇ ಪ್ರತಿಸಲವೂ ಕುದುರೆ ಮುಗ್ಗರಿಸಿತು. ಮುಗ್ಗರಿಸಿದಾಗಲೆಲ್ಲ ಪಿಟೀಲಿನವರಿಂದ ತುತ್ತೂರಿಯವರವರೆಗೆ ಇಡೀ ಗೋಷ್ಠಿ ಮೊದಲಿನಿಂದ ನುಡಿಸಬೇಕಾಯಿತು.

ಗೊರಸಿನ ಸದ್ದು ಒಂದೆರಡು ಕಡೆ ನಿಂತರೆ ಟಿಕೆಟ್ಟು ವಾಪಸು ಕೇಳುವವರು ಯಾರಿದ್ದಾರೆಂದು ನಿರ್ಮಾಪಕರು ರೇಗಿದರು. ಈ ಸಲವೂ ಮುಗ್ಗರಿಸಿದರೆ ಚಿತ್ರದಿಂದ ನನ್ನ ಹೆಸರನ್ನೇ ತೆಗೆದುಹಾಕಿ ಎಂದರು ಪರಮಶಿವಪ್ಪ. ಆ ಸಲ ಕುದುರೆ ಓಡಿತು. ಮುಗಿದ ಮೇಲೆ ಪಿಟೀಲಿನ ಕಮಾನು ಕೆಳಗಿಡಬೇಕೆಂಬ ಎಚ್ಚರವೂ ಯಾರಿಗೂ ಇರಲಿಲ್ಲ. ಮುದುಕ ಪಿಟೀಲುವಾದಕರೊಬ್ಬರು ಎದ್ದು ಬಂದು, ಮಗುವಿನ ಜ್ವರ ನೋಡುವವರಂತೆ ಢೋಲಕ್ಕಿನ ಚರ್ಮದ ಮೇಲೆ ಕೈಯ ಹಿಂಬದಿಯನ್ನು ಇಟ್ಟು ನೋಡಿದರು.

“ಎಲ್ಲೂ ನಿಲ್ಲಲಿಲ್ಲ ಅಂತೀರಿ?” ಎಂದರು ಸರ್ವಮಂಗಳ.

“ಎಲ್ಲೂ ನಿಲ್ಲಲಿಲ್ಲ. ನಿಂತಿದ್ರೆ ನಾನು ಇವತ್ತು ನಿಮ್ಮ ಮುಂದೆ ಮಾತಾಡೋ ಮನುಷ್ಯನೇ ಅಲ್ಲ.”

ಈ ಉತ್ತರವನ್ನು ಸರ್ವಮಂಗಳ ಮನಸ್ಸಿನಲ್ಲಿ ಗಂಟುಹಾಕಿಕೊಂಡರು. ನಿನ್ನೆ ಮಧ್ಯಾಹ್ನದಿಂದ ಅವರನ್ನು ಕಾಡುತ್ತಿದ್ದುದಕ್ಕೆ ಈಗ ಒಂದು ತುದಿ ಸಿಕ್ಕಿತ್ತು.

ಆ ಧ್ವನಿಮುದ್ರಣದ ಒಂದೇ ಒಂದು ಟೇಪ್ ಸ್ಪೂಲು, ಸೊರಬದಲ್ಲಿನ ಪರಮಶಿವಪ್ಪನವರ ಈ ಮಹಡಿ ಮನೆಯ ಟ್ರಂಕಿನಲ್ಲಿದ್ದದ್ದು, ಕಳುವಾಗಿತ್ತು. ಕೆಲವು ವಾರಗಳಲ್ಲೇ ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಎದುರು ಮೊಯಿನ್ ಎಂಬ ಹುಡುಗನ ಅಂಗಡಿಯಲ್ಲಿ ‘ತಾಳಗುಂದದ ತೇಜಿ: ಮೂಲ ಹಿನ್ನೆಲೆ ಸಂಗೀತ’ ಎಂಬ ಕ್ಯಾಸೆಟ್ಟು ಮಾರಾಟಕ್ಕೆ ಬಂದಿತ್ತು. ಚಿತ್ರದ ಪ್ರತಿಗಳು ಎಂದೋ ಹಾಳಾಗಿದ್ದವು. ಹಿನ್ನೆಲೆ ಸಂಗೀತದ ಗ್ರಾಮಫೋನ್ ತಟ್ಟೆ ಬಂದೇ ಇರಲಿಲ್ಲ. ಹಾಗಿರುವಾಗ ಕ್ಯಾಸೆಟ್ಟು ಬರಬೇಕಾದರೆ ಸ್ಪೂಲಿನಿಂದಲೇ ಬರಬೇಕು ಎಂಬುದು ಪೊಲೀಸರ ಲೆಕ್ಕ. ಲೆಕ್ಕದಲ್ಲಿ ಮೇಲುನೋಟಕ್ಕೆ ತಪ್ಪೇನೂ ಕಾಣುತ್ತಿರಲಿಲ್ಲ.

ಆ ಮೊಯಿನ್ ಈಗ ಗೋಡೆಯ ಪಕ್ಕದಲ್ಲಿ, ಕಾನ್‌ಸ್ಟೇಬಲ್ಲಿನ ಮಗ್ಗುಲಿಗೆ ತಲೆತಗ್ಗಿಸಿ ನಿಂತಿದ್ದ. ಇಪ್ಪತ್ತೆರಡರ ಆಸುಪಾಸಿನ ಸಣಕಲು ದೇಹ. ಸ್ಥಳ ಮಹಜರಿಗೆಂದು ಕರೆತಂದಿದ್ದರು. ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರೆ ಸಂಜೆಯ ಹೊತ್ತಿಗೆ ಶಿವಮೊಗ್ಗದ ಜೈಲು. ಕದ್ದಿಲ್ಲ ಎಂಬ ಒಂದು ಮಾತನ್ನು ಬಿಟ್ಟರೆ, ಆ ಕ್ಯಾಸೆಟ್ಟು ಎಲ್ಲಿಂದ ಬಂತೆಂಬುದನ್ನು ಅವನು ತನ್ನ ವಕೀಲೆ ಸರ್ವಮಂಗಳ ಅವರಿಗೂ ಹೇಳಿರಲಿಲ್ಲ. ಅವನ ಅಜ್ಜ ಉಸ್ಮಾನ್ ಸಾಬರು ಮೊಮ್ಮಗಳು ಸಬಿಹಾಳೊಂದಿಗೆ ಬೆಳಗಿನ ಬಸ್ಸಿಗೇ ಬಂದಿದ್ದರೂ, ಮೊಮ್ಮಗನನ್ನು ಕಳ್ಳನೆಂದವರ ಮೆಟ್ಟಿಲನ್ನು ಹತ್ತುವುದಿಲ್ಲವೆಂದು ಕೆಳಗಿನ ಟೈಲರ್ ಅಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟಿದ್ದರು.

ಸರ್ವಮಂಗಳ ತಮ್ಮ ಚೀಲದಿಂದ ಟೇಪ್‌ರೆಕಾರ್ಡರನ್ನು ತೆಗೆದು ಮೇಜಿನ ಮೇಲಿಟ್ಟರು. ಪೊಲೀಸರು ವಶಪಡಿಸಿಕೊಂಡಿದ್ದ ಕ್ಯಾಸೆಟ್ಟನ್ನು ಕೊಡಿರೆಂದು ಆನಂದಪ್ಪನವರ ಕಡೆಗೆ ಕೈಚಾಚಿದರು.

“ಮೇಷ್ಟ್ರೇ, ಇದನ್ನ ನೀವೊಮ್ಮೆ ಕೇಳಬೇಕು.”

ಪರಮಶಿವಪ್ಪನವರ ಮುಖ ಬಿಗಿದುಕೊಂಡಿತು. “ಕೊಟ್ಟಿಗೆಯಿಂದ ಹೋದ ಎಮ್ಮೆ ನಂದೇ ಅಂತ ಹೇಳೋಕೆ ಅದರ ಹಾಲು ಕುಡಿದು ನೋಡ್ಬೇಕೇನ್ರಿ ವಕೀಲಮ್ಮ?”

“ಎಮ್ಮೆಯನ್ನ ನೀವು ಕಂಡಿಲ್ಲ ಮೇಷ್ಟ್ರೇ. ಎಮ್ಮೆ ಚಿತ್ರ ಇರೋ ಕಾಗದ ಕಂಡಿದೀರಿ.”

ಆನಂದಪ್ಪ ಕೆಮ್ಮಿ ನಗೆಯನ್ನು ನುಂಗಿಕೊಂಡರು. ಆದರೆ ಮಾತು ನಾಟಿತ್ತು. ದೂರಿನಲ್ಲಿ ಪರಮಶಿವಪ್ಪನವರು ‘ಸದರಿ ಕ್ಯಾಸೆಟ್ಟಿನಲ್ಲಿರುವುದು ನನ್ನದೇ ಧ್ವನಿಮುದ್ರಣ’ ಎಂದು ರುಜು ಹಾಕಿದ್ದರು. ಕ್ಯಾಸೆಟ್ಟಿನ ಹೊದಿಕೆಯನ್ನು ಬಿಟ್ಟು ಒಳಗಿನದನ್ನು ಅವರು ಮುಟ್ಟಿಯೂ ಇರಲಿಲ್ಲ. ನಾಳೆ ಕಟಕಟೆಯಲ್ಲಿ ಪ್ರಮಾಣ ಮಾಡಿಸಿ ಇದೇ ಪ್ರಶ್ನೆಯನ್ನು ಕೇಳುವುದಕ್ಕಿಂತ, ಇಂದು ನಿಮ್ಮ ಮನೆಯಲ್ಲಿ ಕುಳಿತು ಕೇಳುವುದು ಮರ್ಯಾದೆಯೆಂದು ನನಗೆ ತೋರಿತು ಎಂದರು ಸರ್ವಮಂಗಳ.

ಮುದುಕರು ಬಹಳ ಹೊತ್ತು ಕಿಟಕಿಯ ಹೊರಗೆ, ಹೊಸಬಾಳೆಯ ಕಡೆಗೆ ಹೊರಟಿದ್ದ ಬಸ್ಸಿನ ಮೇಲೆ ಹತ್ತುತ್ತಿದ್ದ ಗೊಬ್ಬರದ ಚೀಲಗಳನ್ನು ನೋಡುತ್ತ ಕುಳಿತರು. ಮತ್ತೆ ಮಾತನಾಡಿದಾಗ ಅವರ ದನಿಯಲ್ಲಿ ಮೊದಲಿನ ಗಡಸು ಇರಲಿಲ್ಲ.

“ಕೇಳಿದ್ರೆ ಅದು ಬೇರೆಯವರ ಕೈ ಸೇರಿದೆ ಅನ್ನೋದು ಖಾತ್ರಿ ಆಗ್ತದೆ ನೋಡಿ. ಕೇಳದೆ ಇರೋ ತನಕ, ಎಲ್ಲೋ ಇಟ್ಟು ಮರೆತಿರಬಹುದು ಅಂದ್ಕೋತೇನೆ.”

ಕೋರ್ಟಿನಲ್ಲಿ ಇಂಥ ಮಾತಿಗೆ ಎದುರು ಮಾತು ಹೂಡುವುದನ್ನು ಸರ್ವಮಂಗಳ ಬಲ್ಲರು. ಇಲ್ಲಿ ಅದು ಸಲ್ಲದೆಂಬುದನ್ನೂ ಬಲ್ಲರು. ಕ್ಯಾಸೆಟ್ಟನ್ನು ಹಾಕಿ ಗುಂಡಿ ಒತ್ತಿದರು.

ತುತ್ತೂರಿಗಳು ಮೊಳಗಿದವು. ಅವುಗಳ ಬೆನ್ನಿಗೇ ಪಿಟೀಲುಗಳು ಎದ್ದವು. ಪರಮಶಿವಪ್ಪನವರ ಕಣ್ಣು ಮುಚ್ಚಿತು. ಬೆರಳುಗಳು ತೊಡೆಯ ಮೇಲೆ ತಾವಾಗಿ ಆಡತೊಡಗಿದವು. ಅವರ ರಾಗ, ಅವರ ಏರಿಳಿತ, ಅವರೇ ಕಟ್ಟಿದ ತಿರುವುಗಳು. ಆನಂದಪ್ಪನವರು ಇನ್ನು ಹೇಳುವುದೇನಿದೆ ಎಂಬಂತೆ ವಕೀಲರ ಕಡೆಗೆ ಹುಬ್ಬು ಹಾರಿಸಿದರು.

ಸರ್ವಮಂಗಳ ನೋಡುತ್ತಿದ್ದುದು ಆ ಬೆರಳುಗಳನ್ನು. ಅವು ಒಮ್ಮೆ ತಡವರಿಸಿದವು. ಮುದುಕರ ಹಣೆ ಸುಕ್ಕುಗಟ್ಟಿತು.

“ಕಮಾನಿನ ಸದ್ದೆಲ್ಲಿ?” ಎಂದರವರು ಕಣ್ಣು ಮುಚ್ಚಿಕೊಂಡೇ. “ಅಷ್ಟು ಜನ ಪಿಟೀಲಿನೋರು ಒಬ್ಬನೇ ಮನುಷ್ಯನ ಹಾಗೆ ಶುರು ಮಾಡ್ತಾರಲ್ಲ, ಯಾರು ಇವ್ರು?”

ಅಷ್ಟರಲ್ಲಿ ಗೊರಸಿನ ಸದ್ದು ಬಂತು. ಕುದುರೆ ಓಡತೊಡಗಿತು. ಪಿಟೀಲಿನ ಗಾಳಿ ಏರಿತು, ಕ್ಲಾರಿನೆಟ್ಟು ತೊಳಲಿತು, ಓಟ ಬಿರುಸಾಯಿತು. ಇದ್ದಕ್ಕಿದ್ದಂತೆ ಗೊರಸಿನ ಸದ್ದು ನಿಂತುಹೋಯಿತು. ನಿಶ್ಶಬ್ದದ ಬಯಲಿನಲ್ಲಿ ಕ್ಲಾರಿನೆಟ್ಟೊಂದೇ ಮೆಲ್ಲಗೆ, ತಲೆಬಾಗಿಸಿ ನಡೆಯುವವರಂತೆ ಸಾಗಿತು.

ಪರಮಶಿವಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. “ಯಾರ್ರೀ ನಿಲ್ಸಿದ್ದು ನನ್ನ ಕುದುರೇನ?”

ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವಾಯಿತು. ಹತ್ತುವುದಿಲ್ಲವೆಂದಿದ್ದ ಉಸ್ಮಾನ್ ಸಾಬರು, ಸಬಿಹಾಳ ಭುಜವನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರ ಬಲಗೈ ಅಂಗೈ ತೆರೆದು, ಕಿವಿಯ ಎತ್ತರಕ್ಕೆ ಎದ್ದಿತ್ತು. ಡ್ರಮ್ಮಿನವರು ಸುಮ್ಮನಾಗಬೇಕೆಂದು ಬ್ಯಾಂಡಿನ ಮುಂದಾಳು ತೋರಿಸುವ ಸನ್ನೆ ಅದು. ಕೈ ಮೇಲೆದ್ದಿರುವುದು ತಮ್ಮ ಗಮನಕ್ಕೇ ಬಂದಾಗ ಸಾಬರು ಅದನ್ನು ಮೆಲ್ಲಗೆ ಇಳಿಸಿ, ಕೋಣೆಯ ನಾಲ್ಕು ಗೋಡೆಗಳನ್ನೂ ದಿಟ್ಟಿಸಿದರು.

“ಇಲ್ಲೆಲ್ಲಿ ಬಂತು ಮಸೀದಿ?” ಎಂದರು.

ಟೇಪಿನಲ್ಲಿ ಜೋಡಿಪೆಟ್ಟು ಬಿದ್ದು ಕುದುರೆ ಮತ್ತೆ ಓಡತೊಡಗಿತು. ಸರ್ವಮಂಗಳ ಟೇಪನ್ನು ನಿಲ್ಲಿಸಿದರು. ಅವರ ಎದೆಯ ಮೇಲಿದ್ದ ಭಾರವೊಂದು ಸರಿದುಹೋಗಿತ್ತು. ಮಾತು ಸಲೀಸಾಗಿ ಬಂತು.

ನಿನ್ನೆ ಈ ಕ್ಯಾಸೆಟ್ಟಿನ ಇನ್ನೊಂದು ಪ್ರತಿಯನ್ನು ಮನೆಯಲ್ಲಿ ಹಾಕಿಕೊಂಡು ಒಣಗಿದ ಬಟ್ಟೆಗಳನ್ನು ಒಳಕೋಣೆಗೆ ಒಯ್ಯುತ್ತಿದ್ದಾಗ, ಇದೇ ಜಾಗದಲ್ಲಿ ಅವರ ಕಾಲು ತಾನಾಗಿ ನಿಂತಿತ್ತು. ಏಕೆಂದು ಅರ್ಥವಾಗಿರಲಿಲ್ಲ. ಶಿಕಾರಿಪುರದಲ್ಲಿ ಹುಟ್ಟಿ ಬೆಳೆದವರೆಲ್ಲರ ಕಾಲೂ ಅಲ್ಲಿ ನಿಲ್ಲುತ್ತದೆ ಎಂಬುದು ಈಗ, ಮೇಷ್ಟ್ರು ತಮ್ಮ ಕಥೆಯನ್ನು ಹೇಳಿದ ಮೇಲೆ, ಸ್ಪಷ್ಟವಾಗಿತ್ತು.

ಚಿತ್ರ ಶಿಕಾರಿಪುರದ ಟೆಂಟ್ ಸಿನಿಮಾಕ್ಕೆ ಬಂದಾಗ ಉಸ್ಮಾನ್ ಸಾಬರು ತಮ್ಮ ಬ್ಯಾಂಡ್‌ಸೆಟ್ಟಿನವರನ್ನೆಲ್ಲ ಕಟ್ಟಿಕೊಂಡು ದಿನವೂ ಹೋಗಿ ಕುಳಿತು, ಆ ಕುದುರೆಯ ಓಟವನ್ನು ಕಿವಿಯಿಂದಲೇ ಕಲಿತುಬಂದಿದ್ದರು. ಅಂದಿನಿಂದ ಊರಿನಲ್ಲಿ ಯಾರ ಮದುವೆಯಾದರೂ ಮದುಮಗನ ಮೆರವಣಿಗೆಗೆ ಅದೇ ನುಡಿಕೆ. ಛತ್ರದಿಂದ ಹೊರಟ ಮೆರವಣಿಗೆ ಮಸೀದಿಯ ಮೂಲೆಗೆ ಬಂದೊಡನೆ ಸಾಬರ ಕೈ ಮೇಲೇಳುತ್ತಿತ್ತು. ಡ್ರಮ್ಮು ನಿಲ್ಲುತ್ತಿತ್ತು; ರಾಗ ಕಡಿಯದಿರಲೆಂದು ಕ್ಲಾರಿನೆಟ್ಟು ಮಾತ್ರ ಮೆಲ್ಲಗೆ ಸಾಗುತ್ತಿತ್ತು. ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಕುಣಿಯುವ ಹುಡುಗರು ಬೆವರು ಒರಸಿಕೊಳ್ಳುತ್ತಿದ್ದರು. ಮೂಲೆ ದಾಟಿದೊಡನೆ ಡ್ರಮ್ಮಿನ ಮಾರಪ್ಪ ಜೋಡಿಪೆಟ್ಟು ಹಾಕಿ ಕುದುರೆಯನ್ನು ಎಬ್ಬಿಸುತ್ತಿದ್ದ.

ವರ್ಷಗಳು ಉರುಳಿದಂತೆ ಬೀದಿಯೂ ರಾಗವೂ ಒಂದರೊಳಗೊಂದು ಬೆಸೆದುಹೋದವು. ಜಡೆ ಗ್ರಾಮದ ಕಡೆ ಮದುವೆಗೆ ಹೋದಾಗ, ಸುತ್ತ ಗದ್ದೆಯಲ್ಲದೆ ಬೇರೇನೂ ಇಲ್ಲದ ದಾರಿಯಲ್ಲೂ ಡ್ರಮ್ಮಿನವರು ಆ ಜಾಗ ಬಂದೊಡನೆ ಸುಮ್ಮನಾಗುತ್ತಿದ್ದರು. ಕುದುರೆ ಅಲ್ಲಿ ನಿಂತು ಉಸಿರಾಡಿಕೊಳ್ಳುತ್ತದೆ ಎಂದೇ ಶಿಕಾರಿಪುರದ ಮಕ್ಕಳು ತಿಳಿದು ದೊಡ್ಡವರಾದರು.

“ಸ್ಪೂಲು ಕೈಯಲ್ಲಿ ಇದ್ದವನು ಕುದುರೇನ ಅಲ್ಲಿ ನಿಲ್ಲಿಸ್ತಿರ್ಲಿಲ್ಲ ಮೇಷ್ಟ್ರೇ,” ಎಂದರು ಸರ್ವಮಂಗಳ. “ಇದನ್ನ ಮಾಡಿದವನು ನಿಮ್ಮ ಸಂಗೀತವನ್ನ ಟೇಪಲ್ಲಿ ಕೇಳಿಲ್ಲ. ನಮ್ಮೂರ ಬೀದೀಲಿ ಕೇಳಿದಾನೆ.”

ಆನಂದಪ್ಪನವರು ಸುಲಭಕ್ಕೆ ಬಿಡುವವರಲ್ಲ. ಕದ್ದ ಮೇಲೆ ಗುರುತು ಸಿಗದಿರಲೆಂದು ಡ್ರಮ್ಮಿನ ಸದ್ದನ್ನು ಅಲ್ಲಿ ಅಳಿಸಿಹಾಕಿರಬಾರದೇಕೆ ಎಂದು ಕೇಳಿದರು. ಅದಕ್ಕೆ ಉತ್ತರ ಬಂದದ್ದು ಪರಮಶಿವಪ್ಪನವರಿಂದಲೇ.

“ಪಾಯಸಕ್ಕೆ ಹಾಕಿದ ಬೆಲ್ಲಾನ ವಾಪಸ್ ತೆಗೀತೀರೇನ್ರಿ? ಎಲ್ಲರೂ ಒಟ್ಟಿಗೆ ಕೂತು ನುಡಿಸಿದ್ದು ಅದು. ಢೋಲಕ್ ಅಳಿಸಿದ್ರೆ ಕ್ಲಾರಿನೆಟ್ಟೂ ಹೋಗ್ತದೆ.” ಅವರು ಕುರ್ಚಿಯಲ್ಲಿ ಮತ್ತೆ ಕುಳಿತರು. “ಇದು ನನ್ನ ರೆಕಾರ್ಡಿಂಗ್ ಅಲ್ಲ. ಅಷ್ಟೂ ವಾದ್ಯಗಳನ್ನ ಯಾರೋ ಒಬ್ಬ ಕೀಬೋರ್ಡಲ್ಲಿ ನುಡಿಸಿದಾನೆ.”

ಯಾರೋ ಒಬ್ಬ ಎಂಬ ಮಾತು ಕೋಣೆಯ ನಡುವೆ ಹಾಗೇ ನಿಂತಿತು. ಎಲ್ಲರ ಕಣ್ಣೂ ಒಬ್ಬೊಬ್ಬರದಾಗಿ ಗೋಡೆಯ ಕಡೆಗೆ ಹೊರಳಿದವು. ಮೊಯಿನ್ ತಲೆಯೆತ್ತಲಿಲ್ಲ.

ಉಸ್ಮಾನ್ ಸಾಬರು ಅವನ ಎದುರಿಗೆ ಬಂದು ನಿಂತರು. ಊರಿನಲ್ಲಿ ಅವರ ಬ್ಯಾಂಡು ಒಡೆದುಹೋಗಿ ಆರೇಳು ವರ್ಷಗಳಾಗಿದ್ದವು. ಮದುವೆಗಳಿಗೆ ಒಂದು ಕೀಬೋರ್ಡು, ಒಬ್ಬ ಹಾಡುಗಾರ, ಎರಡು ಸ್ಪೀಕರು ಬಂದ ಮೇಲೆ ಅಷ್ಟು ಜನ ವಾದ್ಯದವರನ್ನು ಕರೆಯುವವರು ಇಲ್ಲವಾಗಿದ್ದರು. ತಮ್ಮ ಜನರ ಉಸಿರನ್ನು ನುಂಗಿದ ಡಬ್ಬಿಯೆಂದು ಸಾಬರು ಅದನ್ನು ಕರೆಯುತ್ತಿದ್ದರು. ಅದು ತಮ್ಮ ಮನೆಯ ಹೊಸ್ತಿಲನ್ನು ದಾಟಕೂಡದೆಂದು ಆಣೆ ಹಾಕಿದ್ದರು.

“ನೀನೇನಾ?” ಎಂದರು.

“ಹೌದು ದಾದಾ.”

ಕಟ್ಟೆಯೊಡೆದಂತೆ ಮಾತು ಆಮೇಲೆ ಬಂತು. ಅಂಗಡಿಯ ಹಿಂದಿನ ಗೂಡಿನಲ್ಲಿ, ಸದ್ದು ಹೊರಗೆ ಹೋಗದಂತೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಒಂದೊಂದೇ ವಾದ್ಯವನ್ನು ಒಂದರ ಮೇಲೊಂದು ಕೂರಿಸುತ್ತ ಅವನು ಆ ಸಂಗೀತವನ್ನೆಲ್ಲ ಕಟ್ಟಿದ್ದ. ಅಜ್ಜ ಗುನುಗುತ್ತಿದ್ದುದನ್ನೂ, ಚಿಕ್ಕಂದಿನಲ್ಲಿ ಬ್ಯಾಂಡಿನ ಹಿಂದೆ ನಡೆಯುತ್ತ ಕೇಳಿದ್ದನ್ನೂ ನೆನೆದು ನೆನೆದು ನುಡಿಸಿದ್ದ. ಅದರ ಪ್ರತಿಗಳನ್ನು ಮಾಡಿಸಲು ಸೊರಬದ ಬೆನಕಪ್ಪನ ಕ್ಯಾಸೆಟ್ ಅಂಗಡಿಗೆ ಕೊಟ್ಟಿದ್ದ. ಹೊದಿಕೆಯ ಮೇಲೆ ‘ಮೂಲ’ ಎಂದು ಅಚ್ಚು ಹಾಕಿಸಿದವನು ಬೆನಕಪ್ಪ. ಹಾಗೆ ಹಾಕಿದರೆ ಚೆನ್ನಾಗಿ ಹೋಗುತ್ತದೆ ಎಂದಿದ್ದನಂತೆ. ಅದನ್ನು ಒಪ್ಪಿಕೊಂಡದ್ದು ತನ್ನ ತಪ್ಪೆಂದು ಮೊಯಿನ್ ಮೇಷ್ಟ್ರಿಗೆ ಕೈಮುಗಿದ.

“ಇದನ್ನ ಪೊಲೀಸರಿಗೆ ಹೇಳೋಕೆ ಏನಾಗಿತ್ತು ನಿಂಗೆ? ಜೈಲಿಗೆ ಹೋಗ್ತಿದ್ದೆಯಲ್ಲೋ,” ಎಂದರು ಸಾಬರು.

“ಜೈಲಿಂದ ವಾಪಸ್ ಮನೆಗೆ ಬರಬಹುದಿತ್ತು ದಾದಾ.”

ಆನಂದಪ್ಪನವರು ತಮ್ಮ ಬೂಟಿನ ತುದಿಯನ್ನು ನೋಡಿಕೊಂಡರು. ಸಬಿಹಾ ಅಣ್ಣನ ಪಕ್ಕಕ್ಕೆ ಬಂದು, ಕಾನ್‌ಸ್ಟೇಬಲ್ಲಿಗೂ ಅವನಿಗೂ ನಡುವೆ ತನ್ನನ್ನು ತೂರಿಸಿಕೊಂಡು ನಿಂತಳು. ಸಾಬರು ಇನ್ನೊಂದು ಹೆಜ್ಜೆ ಮುಂದೆ ಬಂದರು.

“ಕುದುರೆ ನಿಂತ ಮೇಲೆ ಜೋಡಿಪೆಟ್ಟು ಹಾಕಿದೀಯಲ್ಲ, ಅದು ಮಾರಪ್ಪಂದು.”

“ಹೌದು. ಅವರದ್ದೇ.”

“ಎರಡನೇ ಪೆಟ್ಟು ಸ್ವಲ್ಪ ತಡ ಮಾಡ್ತಿದ್ದ ಅವನು. ನೀನು ಗಡಿಬಿಡಿ ಮಾಡಿದೀಯ.” ಹೀಗೆಂದು ಮೊಮ್ಮಗನ ಅಂಗಿಯ ಮಡಚಿಹೋಗಿದ್ದ ಕಾಲರನ್ನು ಸರಿಮಾಡಿದರು. ಮಾರಪ್ಪ ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದವು.

ಮೊಯಿನನ ಮುಖಕ್ಕೆ ಕಳೆ ಮರಳಿತು. ಸರ್ವಮಂಗಳ ಆ ಕಳೆಯನ್ನು ನೋಡಿ, ತಾವು ಬೆಳಗಿನಿಂದ ಏನನ್ನೂ ತಿಂದಿಲ್ಲವೆಂಬುದನ್ನು ನೆನಪಿಸಿಕೊಂಡರು.

ಇನ್ನುಳಿದದ್ದು ಪರಮಶಿವಪ್ಪನವರ ತೀರ್ಪು. ಅವರು ಟೇಪನ್ನು ಮತ್ತೆ ಹಾಕಿಸಿ, ಕುದುರೆಯ ಓಟವನ್ನು ಕೊನೆಯವರೆಗೂ ಕೇಳಿದರು. ಪಿಟೀಲಿನ ಕಮಾನಿಗೆ ರಾಳವೇ ತಿಕ್ಕಿಲ್ಲವೆಂದರು. ಇಂಥ ತುತ್ತೂರಿಯನ್ನು ಊದಿದವನಿಗೆ ಕೆನ್ನೆಗಳೇ ಇರಲಾರವೆಂದರು. ಕಣ್ಣು ಕೆಳಗೆ ಮಾಡಿ ಕೇಳುತ್ತಿದ್ದ ಮೊಯಿನ್ ಒಂದೊಂದು ಮಾತಿಗೂ ತಲೆಯಾಡಿಸಿದ. ಒಂದು ಕಡೆ ಮಾತ್ರ, ಮೇಲಿನ ಪಿಟೀಲುಗಳ ಕೆಳಗೆ ಇನ್ನೊಂದು ಸಾಲು ಅಡ್ಡ ಹರಿಯುವಲ್ಲಿ, ಮುದುಕರು ಮುಂದಕ್ಕೆ ಬಾಗಿದರು.

“ಈ ಕೆಳಗಿನ ಸಾಲು ಬ್ಯಾಂಡಲ್ಲಿ ಇರ್ಲಿಲ್ಲ ಅಲ್ವಾ? ಎಲ್ಲಿಂದ ತಂದೆ?”

ಅಲ್ಲಿ ಏನೋ ಒಂದು ಇರಬೇಕೆಂದು ಅನ್ನಿಸಿತು, ಅದಕ್ಕೆ ತಾನೇ ಹಾಕಿದೆ ಎಂದ ಮೊಯಿನ್.

“ಅದು ನಂದಲ್ಲ,” ಎಂದರು ಪರಮಶಿವಪ್ಪ. ಸ್ವಲ್ಪ ತಡೆದು, “ನಂದಕ್ಕಿಂತ ಕೆಟ್ಟದ್ದೂ ಅಲ್ಲ,” ಎಂದರು.

ಆಮೇಲೆ ಕೆಲಸ ಬೇಗ ಬೇಗ ಸಾಗಿತು. ಕ್ಯಾಸೆಟ್ಟಿನ ಸಂಗೀತ ತಮ್ಮ ಧ್ವನಿಮುದ್ರಣದ ನಕಲಲ್ಲವೆಂದೂ, ಈ ಹುಡುಗನ ಮೇಲೆ ತಮಗೆ ಸಂಶಯವಿಲ್ಲವೆಂದೂ ಪರಮಶಿವಪ್ಪನವರು ಹೇಳಿಕೆ ಕೊಟ್ಟರು. ಆನಂದಪ್ಪನವರು ಬರೆದುಕೊಂಡು ರುಜು ಹಾಕಿಸಿದರು. ತಪ್ಪು ಲೆಕ್ಕ ಹಾಕಿದೆನೆಂಬ ಮುಜುಗರಕ್ಕಿಂತ, ಹುಡುಗನನ್ನು ಜೈಲಿಗೆ ಕಳಿಸುವ ಕೆಲಸ ತಪ್ಪಿತೆಂಬ ಸಮಾಧಾನವೇ ಅವರಲ್ಲಿ ಹೆಚ್ಚಾಗಿ ಕಂಡಿತು. ತಮ್ಮ ಮದುವೆಯ ಮೆರವಣಿಗೆಗೂ ಇದೇ ನುಡಿಕೆ ಬೇಕೆಂದು ಮಾವನ ಮನೆಯವರು ಶಿಕಾರಿಪುರದ ಬ್ಯಾಂಡನ್ನೇ ಕರೆಸಿದ್ದರೆಂದೂ, ನಡುವೆ ಡ್ರಮ್ಮು ನಿಂತಾಗ ಮಾತಾಡಿಕೊಂಡ ಹಣ ಸಾಲದಾಯಿತೇನೋ ಎಂದು ತಮ್ಮ ತಂದೆ ಜೇಬಿಗೆ ಕೈ ಹಾಕಿದ್ದರೆಂದೂ ಹೇಳಿ ಎಲ್ಲರನ್ನೂ ನಗಿಸಿದರು. ನಗುತ್ತಲೇ ಕಾನ್‌ಸ್ಟೇಬಲ್ಲನ್ನು ಕರೆದುಕೊಂಡು, ವಿಷಯವನ್ನು ವೈರ್‌ಲೆಸ್ಸಿನಲ್ಲಿ ಮೇಲಧಿಕಾರಿಗಳಿಗೆ ತಿಳಿಸಲೆಂದು ಜೀಪಿನ ಕಡೆಗೆ ಇಳಿದುಹೋದರು.

ಕೆಳಗಿನ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಟೀ ಬಂತು. ಸಬಿಹಾ ಕಿಟಕಿಯ ಪಕ್ಕದ ಗೂಡಿನಲ್ಲಿ ಲೋಟಗಳನ್ನು ಜೋಡಿಸಿ ಟೀ ಬಗ್ಗಿಸತೊಡಗಿದಳು. ಮೆಟ್ಟಿಲನ್ನೇ ಹತ್ತುವುದಿಲ್ಲವೆಂದಿದ್ದ ಉಸ್ಮಾನ್ ಸಾಬರು ಈಗ ಪರಮಶಿವಪ್ಪನವರ ಮಂಚದ ಮೇಲೆ ಕಾಲು ಮಡಚಿ ಕುಳಿತು, ಟೆಂಟಿನಲ್ಲಿ ಆ ಚಿತ್ರ ಓಡಿದ ದಿನಗಳ ಸಮಾಚಾರ ಹೇಳುತ್ತಿದ್ದರು. ಕೀಬೋರ್ಡಿನಲ್ಲಿ ಕ್ಲಾರಿನೆಟ್ಟಿನ ದನಿ ಹೇಗೆ ಬರುತ್ತದೆಂದು ಮೇಷ್ಟ್ರು ಕೇಳಿದ್ದಕ್ಕೆ ಮೊಯಿನ್ ಮೇಜಿನ ಅಂಚಿನ ಮೇಲೆ ಬೆರಳಾಡಿಸಿ ತೋರಿಸುತ್ತಿದ್ದ. ಸಾಬರು ಅದನ್ನು ಓರೆಗಣ್ಣಿನಿಂದ ನೋಡಿದರೂ ಮಾತೆತ್ತಲಿಲ್ಲ.

ಟೇಪನ್ನು ನಿಲ್ಲಿಸಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಮೊಯಿನನ ನುಡಿಕೆಗಳು ಮುಗಿದು, ಬರಿಯ ಸುರ್ರೆಂಬ ಸದ್ದು ಓಡುತ್ತಿತ್ತು.

ಆ ಸದ್ದಿನೊಳಗಿಂದ ಪಿಟೀಲುಗಳು ಕೇಳಿಬಂದವು.

ಮೊದಲು ತಲೆಯೆತ್ತಿದವರು ಪರಮಶಿವಪ್ಪ. ಲೋಟ ಅವರ ತುಟಿಯ ಬಳಿಯೇ ನಿಂತಿತು. ಬಹಳ ದೂರದಿಂದ, ಗೋಡೆಯಾಚೆಯ ಕೋಣೆಯಿಂದ ಬಂದಂತೆ, ನಿಧಾನವಾಗಿ ಅಳುವ ತಂತಿಗಳು. ಕಮಾನು ತಂತಿಗೆ ತಾಗುವ ಕರಕರ, ಯಾರೋ ವಾದಕರು ಕುರ್ಚಿ ಸರಿಸಿಕೊಂಡ ಕಿರ್ರೆಂಬ ಸದ್ದು. ಇಲ್ಲಿ ಡ್ರಮ್ಮಿಲ್ಲ, ತುತ್ತೂರಿಯಿಲ್ಲ. ಮಗನ ದಾರಿ ಕಾಯುವ ತಾಯಿಯ ದುಃಖಕ್ಕೆಂದು ಕಟ್ಟಿದ ಸಂಗೀತ ಅದು. ಯಾವ ಬ್ಯಾಂಡೂ ಅದನ್ನು ಮದುವೆಯಲ್ಲಿ ನುಡಿಸದು.

“ಇದು ನಾನು ಮಾಡಿದ್ದಲ್ಲ,” ಎಂದ ಮೊಯಿನ್ ಬೆರಳುಗಳನ್ನು ಮೇಜಿನಿಂದ ತೆಗೆದು.

ಅದು ಹೇಗೆ ಬಂದಿರಬಹುದೆಂಬುದು ಅವನಿಗೇ ಹೊಳೆಯಿತು. ಬೆನಕಪ್ಪ ಹೊಸ ಕ್ಯಾಸೆಟ್ಟುಗಳ ಜೊತೆಗೆ, ಹಿಂದೆ ಏನೋ ತುಂಬಿದ್ದ ಹಳೆಯವನ್ನೂ ಉಪಯೋಗಿಸುತ್ತಿದ್ದ. ಹೊಸ ನುಡಿಕೆ ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದಾಚೆಗೆ ಹಳೆಯದು ಅಳಿಯದೆ ಹಾಗೇ ಉಳಿದಿರುತ್ತದೆ. ಅಂದರೆ ಈ ಕ್ಯಾಸೆಟ್ಟಿನಲ್ಲಿ ಮೊದಲು ಇದ್ದದ್ದು ಮೇಷ್ಟ್ರ ನಿಜವಾದ ಸಂಗೀತ. ಸ್ಪೂಲು ಓಡುತ್ತಿರುವಾಗ ಯಾರೋ ಅದರ ಮುಂದೆ ಟೇಪ್‌ರೆಕಾರ್ಡರನ್ನಿಟ್ಟು ಆ ಸದ್ದನ್ನು ತುಂಬಿಕೊಂಡಿದ್ದರು. ಆ ಸ್ಪೂಲು ಟ್ರಂಕಿನಿಂದ ಹೊರಬಂದದ್ದೇ ಕಳುವಾದ ದಿನ. ತುಂಬಿಕೊಂಡವನಿಗೂ ಕಳವಿಗೂ ಸಂಬಂಧವಿಲ್ಲದಿರಲು ಸಾಧ್ಯವಿರಲಿಲ್ಲ.

ಆದರೆ ಪರಮಶಿವಪ್ಪನವರ ಮುಖದಲ್ಲಿ ಆ ಹೊತ್ತಿಗೆ ಕಳ್ಳನ ಯೋಚನೆಯಿರಲಿಲ್ಲ.

“ಇದೆ,” ಎಂದರವರು ಮೆಲ್ಲಗೆ. “ಸುಟ್ಟಿಲ್ಲ, ಹಾಳಾಗಿಲ್ಲ. ಕೇಳಿ ವಕೀಲಮ್ಮ, ಎಲ್ಲಾ ಹಾಗೇ ಇದೆ.” ಇಷ್ಟು ದಿನ ಆ ಮನುಷ್ಯ ಯಾವುದಕ್ಕೆ ಹೆದರಿ ಬದುಕಿದ್ದರೆಂಬುದು ಸರ್ವಮಂಗಳ ಅವರಿಗೆ ಆಗ ಪೂರ್ತಿಯಾಗಿ ತಿಳಿಯಿತು. ಉಸ್ಮಾನ್ ಸಾಬರು ಮಂಚದ ಮೇಲಿಂದ ಕೈಚಾಚಿ ಮೇಷ್ಟ್ರ ಮೊಣಕೈಯನ್ನು ತಟ್ಟಿದರು.

ತಂತಿಗಳು ಏರಿದವು. ಅವುಗಳ ಹಿಂದೆ ಬೇರೆ ಏನೋ ಗದ್ದಲವಿತ್ತು. ನೂರಾರು ಗಂಟಲುಗಳು ಒಟ್ಟಿಗೆ ಕಿಚಗುಟ್ಟುವ ಸದ್ದು. ಅದರ ನಡುವೆ, ಟೇಪ್‌ರೆಕಾರ್ಡರಿನ ತೀರ ಹತ್ತಿರದಲ್ಲಿ, ಗಂಡಸಿನ ತಗ್ಗಿದ ದನಿಯೊಂದು ಇನ್ನಾರಿಗೋ ಹೇಳಿತು:

“ಮೇಷ್ಟ್ರಿಗೆ ಮಾತ್ರ ತಿಳೀಬಾರ್ದು.”

ಟಕ್ಕೆಂದು ಟೇಪು ನಿಂತಿತು.

ನಿಲ್ಲಿಸಿದ್ದು ಪರಮಶಿವಪ್ಪನವರ ಬೆರಳು. ಮೊಯಿನ್ ಬೆಚ್ಚಿ ಅವರ ಕಡೆ ನೋಡಿದ. ಸರ್ವಮಂಗಳ ಕದಲಲಿಲ್ಲ. ಅಪರಿಚಿತರ ದನಿಯನ್ನು ಕೇಳಿದವರು ಕಿವಿಯನ್ನು ಹತ್ತಿರ ತರುತ್ತಾರೆ. ಗುರುತಿನ ದನಿಯನ್ನು ಕೇಳಿದವರು ಅದು ಇನ್ನೊಂದು ಮಾತನ್ನಾಡುವ ಮೊದಲು ಬಾಯಿ ಮುಚ್ಚಿಸುತ್ತಾರೆ. ಕೋರ್ಟಿನಲ್ಲಿ ಇದನ್ನು ಅವರು ಎಷ್ಟೋ ಸಲ ಕಂಡಿದ್ದರು.

“ಟೀ ಆರಿಹೋಗ್ತದೆ, ಕುಡೀರಿ,” ಎಂದರು ಪರಮಶಿವಪ್ಪ. ಬೆರಳು ಮಾತ್ರ ಗುಂಡಿಯ ಮೇಲಿಂದ ಏಳಲಿಲ್ಲ.

ಕಿಟಕಿಯ ಕಡೆಗೆ ಮುಖ ಮಾಡಿದ್ದ ಸಬಿಹಾ ಇದಾವುದನ್ನೂ ನೋಡಿರಲಿಲ್ಲ. ಕೊನೆಯ ಲೋಟವನ್ನು ತಂದು ಅವರ ಮುಂದಿಟ್ಟು, ಅವಳು ಟೇಪ್‌ರೆಕಾರ್ಡರಿನ ಪಕ್ಕದಲ್ಲೇ ಮಂಡಿಯೂರಿ ಕುಳಿತಳು.

“ಮೇಷ್ಟ್ರೇ, ಅದರ ಹಿಂದ್ಗಡೆ ಹಕ್ಕಿ ಗಲಾಟೆ ಇತ್ತು, ಗುಡವಿ ಪಕ್ಷಿಧಾಮದ ಕೆರೇಲಿ ಮರಿಗಳು ಕೂಗೋ ಹಂಗೆ. ಯಾರೋ ಮಾತಾಡಿದ್ದೂ ಕೇಳಿಸ್ತು. ಇನ್ನೊಂದು ಸಲ ಹಾಕ್ತೀರಾ?”